ಧಾರಾವಾಹಿಗಳೂ ಲೋಕಾಭಿಪ್ರಾಯವೂ

ಸಂಜೆ ದೀಪ ಹೊತ್ತಿದ ಮೇಲೆ ಕನ್ನಡನಾಡಿನ ಯಾವ ಊರಿನ ಯಾವ ಬೀದಿಯಲ್ಲಿ ನಡೆದುಹೋದರೂ ತೆರೆದ ಬಾಗಿಲುಗಳಿಂದ ಒಂದೇ ಬಗೆಯ ಧ್ವನಿ ಕೇಳಿಬರುತ್ತದೆ. ಅತ್ತೆ ಸೊಸೆಯರ ವಾಗ್ವಾದ, ತಾಯಿಯ ಅಳಲು, ನಡುನಡುವೆ ಸಾಬೂನು ಟೀಪುಡಿಗಳ ಜಾಹೀರಾತು. ಅದು ಟೆಲಿವಿಷನ್ ಧಾರಾವಾಹಿಯ ಹೊತ್ತು. ನಮ್ಮ ಹಿರಿಯರು ಬಂಡಿ ಕಟ್ಟಿಕೊಂಡು ಪರಊರಿಗೆ ಹೋಗಿ, ಇರುಳೆಲ್ಲ ಎಚ್ಚರವಿದ್ದು, ಕಂಪೆನಿ ನಾಟಕವನ್ನು ನೋಡಿ ಬರುತ್ತಿದ್ದರು. ಈಗ ನಾಟಕವೇ ಹೊಸ್ತಿಲು ದಾಟಿ ನಡುಮನೆಗೆ ಬಂದು ಕುಳಿತಿದೆ; ವಾರದಲ್ಲಿ ಐದಾರು ದಿನದಂತೆ ವರ್ಷಗಟ್ಟಲೆ ತಪ್ಪದೆ ಬರುತ್ತಲಿದೆ. ಪುಸ್ತಕವನ್ನು ಕೈಯಲ್ಲಿ ಹಿಡಿಯದವರೂ, ಪತ್ರಿಕೆಯನ್ನು ಓದಲಾರದವರೂ ಇದರ ಪ್ರೇಕ್ಷಕರು. ಹೀಗಿರುವಲ್ಲಿ, ಇದು ಹೆಂಗಸರು ಹೊತ್ತುಗಳೆಯುವ ವಿನೋದವೆಂದು ಮೂಗು ಮುರಿಯುವ ವಿದ್ವಾಂಸರ ಮಾತನ್ನು ನಾವು ಒಪ್ಪಲಾರೆವು. ಮದುವೆ, ಮಕ್ಕಳ ವಿದ್ಯೆ, ಹೆಣ್ಣಿನ ದುಡಿಮೆ, ಜಾತಿಭೇದ, ದೈವಭಕ್ತಿ ಇವೆಲ್ಲವನ್ನು ಕುರಿತು ಪ್ರತಿನಿತ್ಯವೂ ಕೋಟ್ಯಂತರ ಜನರೊಡನೆ ಮಾತನಾಡುವ ಈ ಸಾಧನವು ಯಾರ ಮಾತನ್ನು ಕೇಳಿ ನಡೆಯುತ್ತದೆ, ಯಾರಿಗೆ ಜವಾಬು ಹೇಳುತ್ತದೆ ಎಂಬುದು ಮಹಾಜನರು ವಿಚಾರಮಾಡಬೇಕಾದ ವಿಷಯವೆಂದು ನಮ್ಮ ಅಭಿಪ್ರಾಯ.

ಮೊದಲು ಈ ಸಾಧನವು ಸರ್ಕಾರದವರ ಮಾತನ್ನು ಮಾತ್ರ ಕೇಳುತ್ತಿದ್ದಿತು. 1975ರ ಆಗಸ್ಟ್ 1ರಿಂದ ಒಂದು ವರ್ಷ ಕಾಲ, ಅಮೆರಿಕದ ಉಪಗ್ರಹವೊಂದರ ನೆರವಿನಿಂದ, ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟೆಲಿವಿಷನ್ನನ್ನು ಮುಟ್ಟಿಸುವ ಪ್ರಯೋಗ ನಡೆದಾಗ, ಆಗಿನ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳೂ ಅದರಲ್ಲಿ ಸೇರಿದ್ದುವು. ಬೇಸಾಯ, ಆರೋಗ್ಯ, ಕುಟುಂಬ ಯೋಜನೆ ಇವೇ ಆಗಿನ ಪಾಠಗಳು. ಉದ್ದೇಶವು ಒಳ್ಳೆಯದೇ, ಆದರೆ ಹೇಳುವವರು ಅಧಿಕಾರಿಗಳು, ಕೇಳುವವರು ಪ್ರಜೆಗಳು ಎಂಬ ಏರ್ಪಾಟು ಅದು.

ಈ ಏರ್ಪಾಟನ್ನು ಕದಲಿಸಿದುದು ಒಂದು ಕತೆ. ಮೆಕ್ಸಿಕೋ ದೇಶದಲ್ಲಿ ಕತೆಯ ಮೂಲಕ ಲೋಕಶಿಕ್ಷಣ ಕೊಡುವ ಧಾರಾವಾಹಿಗಳು ಯಶಸ್ವಿಯಾದುದನ್ನು ಕಂಡು, ನಮ್ಮ ಸರ್ಕಾರದವರು 1984ರ ಜುಲೈ 7ರಂದು ದೂರದರ್ಶನದಲ್ಲಿ 'ಹಮ್ ಲೋಗ್' ಎಂಬ ಹಿಂದಿ ಧಾರಾವಾಹಿಯನ್ನು ಆರಂಭಿಸಿದರು. ಮನೋಹರ ಶ್ಯಾಮ ಜೋಶಿಯವರು ಬರೆದ ಈ ಕತೆಯಲ್ಲಿ ಕೆಳಮಧ್ಯಮ ವರ್ಗದ ಒಂದು ಸಂಸಾರದ ಕಷ್ಟಸುಖಗಳಿದ್ದುವು. ಪ್ರತಿ ಕಂತಿನ ಕೊನೆಯಲ್ಲಿ ಹಿರಿಯ ನಟ ಅಶೋಕ ಕುಮಾರರು ಬಂದು ನಾಲ್ಕು ಹಿತವಚನಗಳನ್ನಾಡುತ್ತಿದ್ದರು. ಮೊದಲ ಕಂತುಗಳಲ್ಲಿ ಕುಟುಂಬ ಯೋಜನೆಯ ಉಪದೇಶವೇ ಹೆಚ್ಚಾಗಿ, ಪ್ರೇಕ್ಷಕರು ಬೇಸರಗೊಂಡರು. ಕೂಡಲೇ ಉಪದೇಶವನ್ನು ತಗ್ಗಿಸಿ ಕತೆಯನ್ನು ಹೆಚ್ಚಿಸಬೇಕಾಯಿತು. ಧಾರಾವಾಹಿಯು 1985ರ ಡಿಸೆಂಬರಿನಲ್ಲಿ ಮುಗಿಯುವಷ್ಟರೊಳಗೆ ಅದಕ್ಕೆ ಬಂದ ಪ್ರೇಕ್ಷಕರ ಪತ್ರಗಳು ನಾಲ್ಕು ಲಕ್ಷಕ್ಕೂ ಹೆಚ್ಚು! ಪತ್ರ ಬರೆದವರು ಆ ಸಂಸಾರದ ಮಕ್ಕಳಿಗೆ ಬುದ್ಧಿ ಹೇಳಿದರು, ಮದುವೆಗಳ ವಿಷಯದಲ್ಲಿ ಸಲಹೆ ಕೊಟ್ಟರು, ಕೆಲವರನ್ನು ಹಳಿದರು. ದೇಶದ ಪ್ರಜೆಯು ತನ್ನ ಮನೆಯ ಪ್ರಶ್ನೆಗಳನ್ನು ಇಷ್ಟು ಬಹಿರಂಗವಾಗಿ ಚರ್ಚಿಸಿದುದು ವಿರಳ.

ಆದರೆ ಈ ಪ್ರಯೋಗದಿಂದ ಮತ್ತೊಂದು ಪಾಠವೂ ದೊರೆಯಿತು. ಆ ಮನೆಯ ತಾಯಿ ಭಾಗವಂತಿಯು ಎಲ್ಲವನ್ನೂ ಸಹಿಸುವ, ಎದುರಾಡದ ಹೆಂಗಸು. ಆಕೆಯ ಪಾಡನ್ನು ನೋಡಿ ಜನರು ಹಾಗಿರಬಾರದೆಂದು ಕಲಿಯಲೆಂಬುದು ಕರ್ತೃಗಳ ಆಶಯ. ಪ್ರೇಕ್ಷಕರಲ್ಲಿ ಅನೇಕರು ಆಕೆಯೇ ಆದರ್ಶ ಗೃಹಿಣಿಯೆಂದು ಕೊಂಡಾಡಿಬಿಟ್ಟರು! ಧಾರಾವಾಹಿಯು ಸಮಾಜಕ್ಕೆ ಹಿಡಿದ ಕನ್ನಡಿಯೆಂದು ಹೇಳುವುದು ರೂಢಿ. ಕನ್ನಡಿಯಲ್ಲಿ ಏನನ್ನು ಕಾಣಬೇಕೆಂಬುದನ್ನು ಹಿಡಿದವನು ನಿರ್ಣಯಿಸಲಾರನು, ನೋಡುವವನೇ ನಿರ್ಣಯಿಸುತ್ತಾನೆ ಎಂಬುದು ಇದರಿಂದ ಸಿದ್ಧವಾಯಿತು. ಅಪ್ಪಣೆ ಕೊಟ್ಟು ಜನರ ಮನಸ್ಸನ್ನು ತಿದ್ದುವೆವೆಂದು ತಿಳಿದಿರುವ ಅಧಿಕಾರಿವರ್ಗದವರು ಈ ಸಂಗತಿಯನ್ನು ನೆನಪಿನಲ್ಲಿಡುವುದು ಒಳ್ಳೆಯದು.

ಅಪ್ಪಣೆಯ ಮಾರ್ಗವು ನ್ಯಾಯಾಸ್ಥಾನದ ಪರೀಕ್ಷೆಗೂ ಒಳಗಾಯಿತು. ಭೀಷ್ಮ ಸಾಹನಿಯವರ ಕಾದಂಬರಿಯನ್ನಾಧರಿಸಿ ಗೋವಿಂದ ನಿಹಲಾನಿಯವರು ಚಿತ್ರಿಸಿದ 'ತಮಸ್', ದೇಶ ವಿಭಜನೆಯ ಕಾಲದ ರಕ್ತಪಾತವನ್ನು 1988ರಲ್ಲಿ ಮನೆಮನೆಗೆ ತಂದಿತು. ಇದರಿಂದ ಶಾಂತಿಭಂಗವಾದೀತೆಂದು ಹೂಡಿದ ಮೊಕದ್ದಮೆಯಲ್ಲಿ ಬೊಂಬಾಯಿ ಹೈಕೋರ್ಟಿನ ನ್ಯಾಯಾಧೀಶರು ಚಿತ್ರವನ್ನು ತಾವೇ ನೋಡಿ, ನಿಲ್ಲಿಸಲು ಕಾರಣವಿಲ್ಲವೆಂದರು. ಅದೇ ವರ್ಷದ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಇಂಥ ಕೃತಿಗಳನ್ನು ಅಳೆಯಬೇಕಾದುದು ಅಳ್ಳೆದೆಯವರ ಭಯದಿಂದಲ್ಲ, ವಿವೇಕವೂ ದೃಢಮನಸ್ಸೂ ಧೈರ್ಯವೂ ಉಳ್ಳ ಸಾಮಾನ್ಯ ಮನುಷ್ಯನ ಅಳತೆಗೋಲಿನಿಂದ ಎಂಬ ತತ್ತ್ವವನ್ನು ಆ ತೀರ್ಪು ಅವಲಂಬಿಸಿತು. ಈ ತತ್ತ್ವವನ್ನು ಮೊದಲು ಹೇಳಿದವರು 1946ರಲ್ಲಿ ನಾಗಪುರ ಹೈಕೋರ್ಟಿನಲ್ಲಿದ್ದ ವಿವಿಯನ್ ಬೋಸರು. ಪರರಾಜ್ಯದ ಕೊನೆಗಾಲದಲ್ಲಿ ಪತ್ರಿಕೆಯೊಂದರ ಸ್ವಾತಂತ್ರ್ಯವನ್ನು ಕಾಯಲು ಆಡಿದ ಮಾತು, ಸ್ವರಾಜ್ಯದಲ್ಲಿ ಧಾರಾವಾಹಿಯನ್ನು ಕಾಯಲು ಒದಗಿತು.

ಅನಂತರ ಕಾಲವು ತಿರುಗಿತು. ಗಾಳಿಯ ಅಲೆಗಳು ಸಾರ್ವಜನಿಕರ ಸ್ವತ್ತು, ಅವನ್ನು ಲೋಕಹಿತಕ್ಕಾಗಿ ಬಳಸಬೇಕು, ಅವು ಸರ್ಕಾರದವರ ಏಕಸ್ವಾಮ್ಯವಾಗಿರಕೂಡದು ಎಂದು ಸುಪ್ರೀಂ ಕೋರ್ಟು 1995ರ ಫೆಬ್ರವರಿಯಲ್ಲಿ ತೀರ್ಪಿತ್ತಿತು. ಅದಕ್ಕೆ ಮೊದಲೇ ಖಾಸಗಿ ವಾಹಿನಿಗಳು ತಂತಿಯ ಮೂಲಕ ಮನೆಗಳನ್ನು ಹೊಕ್ಕಿದ್ದುವು. ಕನ್ನಡಕ್ಕೆ ಇದರಿಂದಾದ ಲಾಭವನ್ನು ನಾವು ಮರೆಯಲಾರೆವು. 1980ರ ದಶಕದಲ್ಲಿ ಶಂಕರನಾಗ್ ಅವರು ನಮ್ಮ ಆಗುಂಬೆಯ ಬೀದಿಯನ್ನೇ ಮಾಲ್ಗುಡಿಯನ್ನಾಗಿ ಮಾಡಿ, ಕನ್ನಡದ ನಟವರ್ಗವನ್ನು ಕೂಡಿಸಿ ಚಿತ್ರಿಸಿದ ಕತೆಗಳು ದೇಶಕ್ಕೆಲ್ಲ ಪ್ರಿಯವಾದುವು. ಆದರೆ ಅವು ಮಾತನಾಡಿದುದು ಹಿಂದಿಯಲ್ಲಿ, ಇಂಗ್ಲಿಷಿನಲ್ಲಿ. 1994ರಲ್ಲಿ ಉದಯ ವಾಹಿನಿ ಬಂದ ಮೇಲೆ ಕನ್ನಡದ ಹೊತ್ತು ದಿನವೆಲ್ಲ ವ್ಯಾಪಿಸಿತು. 1998ರಲ್ಲಿ ಬೆಂಗಳೂರು ದೂರದರ್ಶನದಿಂದ ಬಂದ 'ಮಾಯಾಮೃಗ'ವು ಸಂಜೆಯ ಹೊತ್ತಿಗೆ ಊರಿನ ಬೀದಿಗಳನ್ನು ಖಾಲಿಮಾಡಿಸಿದುದು ನಮ್ಮ ವಾಚಕರಲ್ಲಿ ಅನೇಕರಿಗೆ ನೆನಪಿರಬಹುದು. ಕನ್ನಡದ ಮಧ್ಯಮವರ್ಗವು ತನ್ನ ಮನೆಯ ಮಾತನ್ನು ತನ್ನ ನುಡಿಯಲ್ಲಿಯೇ ತೆರೆಯ ಮೇಲೆ ಕೇಳಿ ಬೆರಗಾದ ದಿನಗಳವು. ಟಿ. ಎನ್. ಸೀತಾರಾಂ ಅವರ ಮುಂದಿನ ಧಾರಾವಾಹಿಗಳಲ್ಲಿ ನ್ಯಾಯಾಲಯವೇ ರಂಗಸ್ಥಳವಾಗಿ, ಕಾನೂನಿನ ವಾದವನ್ನು ಅಡಿಗೆಮನೆಯಲ್ಲಿಯೂ ಚರ್ಚಿಸುವಂತಾಯಿತು.

ಸಮಾಜದ ಬದಲಾವಣೆಯೂ ಈ ಕತೆಗಳಲ್ಲಿ ತಕ್ಕಮಟ್ಟಿಗೆ ಕಾಣಬರುತ್ತದೆ. ಬಾಲ್ಯವಿವಾಹವನ್ನು ವಸ್ತುವಾಗುಳ್ಳ ಹಿಂದಿಯ 'ಬಾಲಿಕಾ ವಧು' 2008ರಲ್ಲಿ ಬಂದಿತು. ಅದರ ಕನ್ನಡ ರೂಪವಾದ 'ಪುಟ್ಟಗೌರಿ ಮದುವೆ' 2012ರಲ್ಲಿ ಆರಂಭವಾಯಿತು. ಇದೇ ಕಾಲದಲ್ಲಿ ಕರ್ನಾಟಕದ ಶಾಸನಸಭೆಯು ಬಾಲ್ಯವಿವಾಹ ನಿಷೇಧ ಶಾಸನವನ್ನು 2016ರಲ್ಲಿ ತಿದ್ದಿ, ಅಂಥ ಮದುವೆಗಳು ಮೊದಲಿನಿಂದಲೇ ಅಸಿಂಧುವೆಂದು ವಿಧಿಸಿತು. ಕತೆಯಿಂದ ಶಾಸನ ಹುಟ್ಟಿತೆಂದು ನಾವು ಹೇಳುವುದಿಲ್ಲ. ಆದರೆ ಶಾಸನಸಭೆಯಲ್ಲಿ ನಡೆಯುವ ಮಾತು ಮನೆಯಲ್ಲಿಯೂ ನಡೆಯಲು ಕತೆಯು ಅವಕಾಶ ಮಾಡಿಕೊಟ್ಟಿತು. 2021ರ ಕೊನೆಯಲ್ಲಿ ಬಂದ 'ಪುಟ್ಟಕ್ಕನ ಮಕ್ಕಳು' ಧಾರಾವಾಹಿಯಲ್ಲಿ, ಗಂಡು ಮಗುವಾಗಲಿಲ್ಲವೆಂದು ಗಂಡನು ತೊರೆದ ಹೆಂಗಸೊಬ್ಬಳು ಖಾನಾವಳಿ ನಡೆಸಿ ಮೂರು ಹೆಣ್ಣುಮಕ್ಕಳನ್ನು ಓದಿಸುತ್ತಾಳೆ. ಉಮಾಶ್ರೀಯವರ ಅಭಿನಯ ಅದಕ್ಕೆ ಜೀವ ತುಂಬಿತು. ಮರುವರ್ಷ ಬಂದ 'ಶ್ರೀರಸ್ತು ಶುಭಮಸ್ತು'ವಿನಲ್ಲಿ ಬೆಳೆದ ಮಗನಿರುವ ವಿಧವೆಯು ಮರುಮದುವೆಯಾಗುತ್ತಾಳೆ. ನೂರು ವರ್ಷಗಳ ಹಿಂದೆ ವಿಧವಾವಿವಾಹದ ಮಾತೆತ್ತಿದ ಪತ್ರಿಕೆಗಳಿಗೆ ಎಂಥ ಬೈಗುಳ ಸಿಕ್ಕುತ್ತಿತ್ತೆಂಬುದನ್ನು ಬಲ್ಲವರು ಈ ಮಾರ್ಪಾಟನ್ನು ಅಲ್ಪವೆಂದು ಎಣಿಸಲಾರರು.

ಇದು ಚಿತ್ರದ ಒಂದು ಮಗ್ಗುಲು. ಮತ್ತೊಂದು ಮಗ್ಗುಲನ್ನೂ ನೋಡೋಣ. ಬಾಲ್ಯವಿವಾಹದ ಗಂಭೀರ ಪ್ರಶ್ನೆಯಿಂದ ಹೊರಟ 'ಪುಟ್ಟಗೌರಿ'ಯೇ ವರ್ಷಗಳು ಉರುಳಿದಂತೆ ಕಾಡುಮೇಡುಗಳ ಸಾಹಸಗಳಲ್ಲಿ ಸಿಕ್ಕಿಕೊಂಡು, ಊರಿನವರ ನಗೆಗೆ ಗುರಿಯಾಯಿತು. ಇದಕ್ಕೆ ಕರ್ತೃಗಳ ಬುದ್ಧಿಮಾಂದ್ಯವು ಕಾರಣವಲ್ಲ. ಕಾರಣವು ಲೆಕ್ಕದ ಪುಸ್ತಕದಲ್ಲಿದೆ. ಪ್ರೇಕ್ಷಕರನ್ನು ಎಣಿಸುವ ಬಾರ್ಕ್ ಸಂಸ್ಥೆಯು 2015ರಲ್ಲಿ ಕೆಲಸವನ್ನಾರಂಭಿಸಿತು. 2020ರ ಅಂದಾಜಿನಂತೆ ದೇಶದಲ್ಲಿ ಟೆಲಿವಿಷನ್ ಉಳ್ಳ ಮನೆಗಳು ಸುಮಾರು 21 ಕೋಟಿ. ಎಣಿಕೆಯ ಯಂತ್ರವನ್ನಿಟ್ಟಿದ್ದ ಮನೆಗಳು ಸುಮಾರು 44,000. ಎಂದರೆ ಒಂದು ಮನೆಯು ನಾಲ್ಕೂಮುಕ್ಕಾಲು ಸಾವಿರ ಮನೆಗಳ ಪರವಾಗಿ ಸಾಕ್ಷಿ ನುಡಿಯಿತು. ಮಾದರಿಯಿಂದ ಸಮಷ್ಟಿಯನ್ನು ಅಂದಾಜು ಮಾಡುವುದು ಶಾಸ್ತ್ರಸಮ್ಮತವೇ; ಅದನ್ನು ನಾವು ಆಕ್ಷೇಪಿಸುವುದಿಲ್ಲ. ಆದರೆ ಆ ಯಂತ್ರಕ್ಕೆ ತಿಳಿಯುವುದು ಇಷ್ಟೇ: ಯಾವ ವಾಹಿನಿ ಎಷ್ಟು ನಿಮಿಷ ತೆರೆದಿತ್ತು. ನೋಡಿದವರು ಮೆಚ್ಚಿ ನೋಡಿದರೋ, ನಾಚಿ ನೋಡಿದರೋ, ಬೇರೆ ಗತಿಯಿಲ್ಲದೆ ನೋಡಿದರೋ ಅದಕ್ಕೆ ತಿಳಿಯದು. 'ಹಮ್ ಲೋಗ್'ಗೆ ಬಂದ ನಾಲ್ಕು ಲಕ್ಷ ಪತ್ರಗಳಲ್ಲಿ ಕಾರಣಗಳಿದ್ದುವು. ಇಂದಿನ ವಾರದ ಪಟ್ಟಿಯಲ್ಲಿ ಅಂಕೆಗಳು ಮಾತ್ರ ಇವೆ. ಅಂಕೆ ಇಳಿದ ವಾರ ಕತೆಯಲ್ಲಿ ಅಪಹರಣ ನಡೆಯುತ್ತದೆ. ಏರದಿದ್ದರೆ ಮುಂದಿನ ವಾರ ವಿಷಪ್ರಯೋಗ.

ಹಾಗಾದರೆ ಕಾನೂನು ಎಲ್ಲಿ ಹೋಯಿತೆಂದು ವಾಚಕರು ಕೇಳಬಹುದು. ಕಾನೂನು ಇದೆ. 1994ರ ಕೇಬಲ್ ಟೆಲಿವಿಷನ್ ನಿಯಮಗಳಲ್ಲಿ ಕಾರ್ಯಕ್ರಮಗಳ ಸಂಹಿತೆಯೊಂದುಂಟು. 1995ರ ಶಾಸನವು ಅದಕ್ಕೆ ಬಲ ಕೊಟ್ಟಿದೆ. ಹೆಂಗಸರನ್ನು ಹೀನವಾಗಿ ಚಿತ್ರಿಸಬಾರದು, ಮೂಢನಂಬಿಕೆಯನ್ನು ಪ್ರೋತ್ಸಾಹಿಸಬಾರದು ಎಂದು ಅದರಲ್ಲಿ ಸ್ಪಷ್ಟವಾಗಿ ಬರೆದಿದೆ. ನಮ್ಮ ರಾಜ್ಯದವರು 2017ರಲ್ಲಿ ಅಮಾನವೀಯ ದುಷ್ಟ ಪದ್ಧತಿಗಳನ್ನೂ ವಾಮಾಚಾರವನ್ನೂ ತಡೆಯುವ ಶಾಸನವನ್ನೇ ಮಾಡಿದರು. ಇಷ್ಟಿದ್ದರೂ ಮಾಟ ಮಂತ್ರಗಳೂ, ಸೇಡಿನ ಸರ್ಪಗಳೂ, ಪ್ರೇತಗಳೂ ಸಂಜೆಯ ಹೊತ್ತಿನ ಕತೆಗಳಿಗೆ ನಿಸ್ಸಂಕೋಚವಾಗಿ ಬರುತ್ತಲೇ ಇವೆ. ಜಾನಪದದ ನಾಗನಿಗೂ, ಹುಡುಗಿಗೆ ಬಂದ ಜ್ವರಕ್ಕೆ ಮಾಟವೇ ಕಾರಣವೆಂದು ಸಾಧಿಸುವ ಕತೆಗೂ ಭೇದವುಂಟೆಂಬುದನ್ನು ನಾವು ಬಲ್ಲೆವು. ಮೊದಲನೆಯದು ಕಲ್ಪನೆಯ ಸೊಗಸು. ಎರಡನೆಯದು ಆಸ್ಪತ್ರೆಗೆ ಹೋಗಬೇಕಾದ ಮಗುವನ್ನು ಮಂತ್ರವಾದಿಯ ಮನೆಗೆ ಕಳುಹಿಸುವಂಥದು. ಪುಸ್ತಕದಲ್ಲಿ ಬರೆದ ನಿಯಮವು ಕೇಳುವವರಿಲ್ಲದೆ ಪುಸ್ತಕದಲ್ಲಿಯೇ ಉಳಿಯುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಇದನ್ನು ನೋಡಿ ಕೆಲವರು, ಧಾರಾವಾಹಿಗಳನ್ನು ಪ್ರಸಾರಕ್ಕೆ ಮೊದಲೇ ಪರೀಕ್ಷಿಸಿ ಕತ್ತರಿಸುವ ಅಧಿಕಾರಿಗಳನ್ನು ಸರ್ಕಾರದವರು ನೇಮಿಸಲೆಂದು ಕೂಗುತ್ತಾರೆ. ನೆಗಡಿ ಬಂದಿತೆಂದು ಮೂಗು ಕೊಯ್ದುಕೊಂಡಂತಾದೀತು! ಇಂಥ ಕತ್ತರಿಯ ರುಚಿಯನ್ನು ಈ ದೇಶವು ಬಲ್ಲದು. ನಾಟಕಗಳಿಂದ ಜನರು ಎಚ್ಚರಗೊಂಡಾರೆಂಬ ಭಯದಿಂದ ಪರರಾಜ್ಯದವರು 1876ರಲ್ಲಿ ನಾಟಕ ಪ್ರದರ್ಶನಗಳ ಶಾಸನವನ್ನು ಮಾಡಿದರು. ಸ್ವರಾಜ್ಯ ಬಂದು ಎಪ್ಪತ್ತು ವರ್ಷಗಳಾದ ಮೇಲೆ, 2018ರ ಆರಂಭದಲ್ಲಿ, ಅದು ಶಾಸನಗ್ರಂಥದಿಂದ ತೊಲಗಿತು. ಹಳೆಯ ಶಾಸನವನ್ನು ಹೊರಹಾಕಿ ಅದರ ಆತ್ಮವನ್ನು ಹಿಂಬಾಗಿಲಿಂದ ಬರಮಾಡಿಕೊಳ್ಳುವುದು ವಿವೇಕವಲ್ಲ. ಕೇಂದ್ರ ಸರ್ಕಾರದವರು 2023ರ ನವೆಂಬರಿನಲ್ಲಿ ಪ್ರಕಟಿಸಿದ ಪ್ರಸಾರ ಸೇವೆಗಳ ಮಸೂದೆಯ ಕರಡಿನಲ್ಲಿ, ಪ್ರತಿಯೊಬ್ಬ ಪ್ರಸಾರಕನೂ ಕಾರ್ಯಕ್ರಮಗಳನ್ನು ಮೊದಲೇ ಒಪ್ಪುವ ಸಮಿತಿಯನ್ನು ಏರ್ಪಡಿಸಬೇಕೆಂಬ ಸೂಚನೆಯಿದ್ದಿತು. ಮುಂದೆ ಯಾವ ಶಾಸನ ಬಂದರೂ, ಜಾಗ್ರತೆಯೆಂಬ ಹೆಸರಿನಲ್ಲಿ ಅಂಜಿಕೆಯನ್ನು ಕಲಿಸದಂತೆ ಅದು ಇರಬೇಕೆಂದು ನಾವು ಒತ್ತಿ ಹೇಳುತ್ತೇವೆ. ಅಂಜಿದವರು 'ತಮಸ್' ನಂಥ ಕೃತಿಯನ್ನು ಕೈಬಿಡುವರು; ಸೇಡಿನ ಸರ್ಪವನ್ನು ಕೈಬಿಡರು. ಏಕೆಂದರೆ ಸರ್ಪದಿಂದ ಯಾವ ಅಧಿಕಾರಿಗೂ ಕೋಪ ಬರುವುದಿಲ್ಲ.

ಬಾಗಿಲು ಮುಚ್ಚುವ ಚಾಳಿ ಸರ್ಕಾರದವರಿಗೆ ಮಾತ್ರ ಸೇರಿದುದಲ್ಲ. ಈಗ ನಾವು ಹೇಳುವ ಮಾತು ನಮ್ಮವರಲ್ಲಿಯೇ ಅನೇಕರಿಗೆ ರುಚಿಸದಿರಬಹುದು. ಪರಭಾಷೆಯ ಚಿತ್ರಗಳನ್ನೂ ಧಾರಾವಾಹಿಗಳನ್ನೂ ಕನ್ನಡಕ್ಕೆ ಡಬ್ಬಿಂಗ್ ಮಾಡಕೂಡದೆಂಬ ಕಟ್ಟುಪಾಡು, ಯಾವ ಶಾಸನದಲ್ಲಿಯೂ ಇಲ್ಲದಿದ್ದರೂ, 1960ರ ದಶಕದಿಂದ ನಮ್ಮಲ್ಲಿ ನಡೆದುಬಂದಿತು. ಕನ್ನಡದ ಕಲಾವಿದರ ಅನ್ನವನ್ನೂ ಕನ್ನಡದ ಉದ್ಯಮವನ್ನೂ ಕಾಪಾಡಬೇಕೆಂಬುದು ಅದರ ಉದ್ದೇಶ. ಆ ಕಾಲಕ್ಕೆ ಅದು ಫಲವನ್ನೂ ಕೊಟ್ಟಿತು. ಇಂಥ ತಡೆಯು ಸ್ಪರ್ಧೆಯ ಶಾಸನಕ್ಕೆ ವಿರುದ್ಧವೆಂದು 2015ರಲ್ಲಿ ಸ್ಪರ್ಧಾ ಆಯೋಗವು ಆಜ್ಞೆ ಮಾಡಿತು. 2017ರಲ್ಲಿ ಬಂಗಾಳದ ಮೊಕದ್ದಮೆಯೊಂದರಲ್ಲಿ ಸುಪ್ರೀಂ ಕೋರ್ಟು ಆಯೋಗದ ನಿಲುವನ್ನು ಸಮರ್ಥಿಸಿತು. 2020ರಲ್ಲಿ ಕೊರೋನಾ ರೋಗದ ನಿಮಿತ್ತ ಚಿತ್ರೀಕರಣಗಳು ನಿಂತಾಗ ವಾಹಿನಿಗಳು ಆ ಬಾಗಿಲನ್ನು ತೆರೆದುವು. ಹಾಗೆ ಬಂದವುಗಳಲ್ಲಿ ಡಾಕ್ಟರ್ ಅಂಬೇಡ್ಕರರ ಜೀವನವನ್ನು ಕುರಿತ 'ಮಹಾನಾಯಕ'ವೂ ಒಂದು. ಅನಂತರ ನಡೆದುದನ್ನು ನಾಡೆಲ್ಲ ನೋಡಿತು. ಹಳ್ಳಿಹಳ್ಳಿಗಳ ಯುವಕರು ತಾವೇ ಹಣ ಕೂಡಿಸಿ ಆ ಧಾರಾವಾಹಿಯ ದೊಡ್ಡ ಫಲಕಗಳನ್ನು ಊರ ಬಾಗಿಲಿನಲ್ಲಿ ನಿಲ್ಲಿಸಿದರು. ಧಾರಾವಾಹಿಯೊಂದಕ್ಕೆ ಪ್ರಜೆಗಳು ಪ್ರಚಾರ ಮಾಡಿದ ಇಂಥ ಸಂದರ್ಭ ಅಪರೂಪ.

ಈ ಫಲಕಗಳು ನಮಗೆ ಹೇಳುವುದೇನು? ನಾವು ನಮ್ಮ ನಡುಮನೆಯ ಕತೆಗಳನ್ನು ಹೇಳಿಕೊಳ್ಳುತ್ತಿದ್ದ ಅಷ್ಟು ವರ್ಷಗಳೂ, ನಾಡಿನ ಒಂದು ದೊಡ್ಡ ಸಮುದಾಯವು ತನ್ನ ಮುಖವನ್ನು ಆ ಕನ್ನಡಿಯಲ್ಲಿ ಕಾಣದೆ ಹೊರಗೆ ನಿಂತಿತ್ತು. ಬಹುತೇಕ ಧಾರಾವಾಹಿಗಳ ಮನೆಗಳು ದೊಡ್ಡವು, ಅಂಗಳಗಳು ವಿಶಾಲವಾದುವು, ಒಡವೆಗಳು ಭಾರವಾದುವು. ಕೇರಿಯ ಮನೆಯು ಅಲ್ಲಿ ಕಾಣುವುದು ವಿರಳ. ಕನ್ನಡದ ಕರ್ತೃಗಳು ಹೇಳದೆ ಉಳಿಸಿದ ಕತೆಯನ್ನು ಕನ್ನಡದ ಪ್ರೇಕ್ಷಕನು ಪರಭಾಷೆಯಿಂದ ಕನ್ನಡಕ್ಕೆ ತರಿಸಿಕೊಂಡು ನೋಡಿದನು. ಡಬ್ಬಿಂಗಿನಿಂದ ನಮ್ಮ ಕೆಲಸಗಾರರ ಹೊಟ್ಟೆಯ ಮೇಲೆ ಹೊಡೆತ ಬೀಳದಂತೆ ನೋಡಿಕೊಳ್ಳುವುದು ಅವಶ್ಯ. ಆದರೆ ಕನ್ನಡವನ್ನು ಕಾಯುವ ಉಪಾಯವು ಕನ್ನಡಿಗನ ಕಿವಿಗೆ ಬೀಗ ಹಾಕುವುದಲ್ಲ. ಅವನಿಗೆ ಬೇಕಾದ ಕತೆಯನ್ನು ಕನ್ನಡದಲ್ಲಿಯೇ ಮೊದಲು ಹೇಳುವುದು.

ಇನ್ನು ಆಗಬೇಕಾದುದೇನೆಂಬುದನ್ನು ನಿವೇದಿಸುತ್ತೇವೆ. ಮೊದಲನೆಯದಾಗಿ, ಸರ್ಕಾರದವರ ಕಣ್ಣು ಕತೆಯ ಮೇಲಿರುವುದಕ್ಕಿಂತ ಕೆಲಸದ ಸ್ಥಳದ ಮೇಲಿರಲಿ. ಧಾರಾವಾಹಿಗಳಲ್ಲಿ ನಟಿಸುವ ಮಕ್ಕಳನ್ನು ದಿನಕ್ಕೆ ಐದು ಗಂಟೆಗಿಂತ ಹೆಚ್ಚು, ಬಿಡುವಿಲ್ಲದೆ ಮೂರು ಗಂಟೆಗಿಂತ ಹೆಚ್ಚು ದುಡಿಸಕೂಡದು, ಅವರ ಸಂಪಾದನೆಯಲ್ಲಿ ನೂರಕ್ಕೆ 20ರಷ್ಟನ್ನಾದರೂ ಅವರ ಹೆಸರಿನಲ್ಲಿ ಬ್ಯಾಂಕಿನಲ್ಲಿ ಠೇವಣಿ ಇಡಬೇಕು ಎಂದು 2017ರ ಬಾಲಕಾರ್ಮಿಕ ನಿಯಮಗಳಲ್ಲಿ ವಿಧಿಸಲಾಯಿತು. ಸಂಜೆಯ ಕಂತಿಗಾಗಿ ಹಗಲಿರುಳು ನಡೆಯುವ ಚಿತ್ರೀಕರಣಗಳಲ್ಲಿ ಇದರ ಪಾಲನೆಯನ್ನು ಜಿಲ್ಲಾಧಿಕಾರಿಗಳೂ ಕಾರ್ಮಿಕ ಇಲಾಖೆಯವರೂ ಖುದ್ದಾಗಿ ನೋಡಬೇಕು. ಇದು ಯಾರ ಅಭಿಪ್ರಾಯ ಸ್ವಾತಂತ್ರ್ಯಕ್ಕೂ ಅಡ್ಡಿಯಲ್ಲ.

ಎರಡನೆಯದು ಪ್ರಸಾರಕರ ಕರ್ತವ್ಯ. 2011ರಲ್ಲಿ ಪ್ರಸಾರಕರ ಒಕ್ಕೂಟವು ನಿವೃತ್ತ ನ್ಯಾಯಾಧೀಶರ ಅಧ್ಯಕ್ಷತೆಯಲ್ಲಿ ದೂರುಗಳ ಮಂಡಲಿಯನ್ನು ಸ್ಥಾಪಿಸಿತು. 2021ರ ಜೂನ್ ತಿಂಗಳಿನ ತಿದ್ದುಪಡಿಯ ಪ್ರಕಾರ, ಪ್ರೇಕ್ಷಕನ ದೂರು ಬಂದ 24 ಗಂಟೆಗಳೊಳಗೆ ಅದು ತಲಪಿದುದನ್ನು ತಿಳಿಸಬೇಕು, 15 ದಿನಗಳೊಳಗೆ ತೀರ್ಮಾನಿಸಬೇಕು. ಸಮಾಧಾನವಾಗದಿದ್ದರೆ ಮೇಲಿನ ಮಂಡಲಿಗೆ ಹೋಗಬಹುದು. ಈ ಹಕ್ಕನ್ನು ಬಲ್ಲ ಕನ್ನಡಿಗರು ಎಷ್ಟು ಮಂದಿ? ಕನ್ನಡದಲ್ಲಿ ಕತೆ ಹೇಳಿ ಕನ್ನಡಿಗರಿಂದ ಲಾಭ ಪಡೆಯುವ ವಾಹಿನಿಯು ದೂರನ್ನೂ ಕನ್ನಡದಲ್ಲಿ ಸ್ವೀಕರಿಸಬೇಕು, ಉತ್ತರವನ್ನೂ ಕನ್ನಡದಲ್ಲಿ ಕೊಡಬೇಕು, ದೂರು ಕೇಳುವ ಅಧಿಕಾರಿಯ ವಿಳಾಸವನ್ನು ಪ್ರತಿದಿನ ಸಂಜೆಯ ಕಂತುಗಳ ನಡುವೆ ಕನ್ನಡದಲ್ಲಿ ತೋರಿಸಬೇಕು, ತೀರ್ಮಾನಗಳನ್ನು ಕನ್ನಡದಲ್ಲಿ ಪ್ರಕಟಿಸಬೇಕು. ಸಾಬೂನಿನ ಜಾಹೀರಾತಿಗೆ ಅಷ್ಟು ನಿಮಿಷಗಳಿರುವಲ್ಲಿ ಪ್ರಜೆಯ ಅಹವಾಲಿಗೆ ಅರ್ಧ ನಿಮಿಷವಿಲ್ಲವೆ?

ಮೂರನೆಯದು ನಮ್ಮ ವಾಚಕರ ಕರ್ತವ್ಯ. ಧಾರಾವಾಹಿಗಳು ಕೆಟ್ಟುಹೋದುವೆಂದು ಕಚೇರಿಯ ಬಿಡುವಿನಲ್ಲಿ ಹಳಿದು, ಸಂಜೆ ಮನೆಯಲ್ಲಿ ಅವನ್ನೇ ನೋಡಿ ಸುಮ್ಮನಾಗುವ ಸುಶಿಕ್ಷಿತರು ನಮ್ಮಲ್ಲಿ ಕಡಿಮೆಯಿಲ್ಲ. ಮೆಚ್ಚಿದಾಗ ಒಂದು ಕಾಗದ, ಮೆಚ್ಚದಿದ್ದಾಗ ಕಾರಣ ಸಹಿತವಾಗಿ ಒಂದು ಕಾಗದ, ಇಷ್ಟನ್ನು ಬರೆಯಲು ಯಾವ ಶಾಸನವೂ ಅಡ್ಡಬರುವುದಿಲ್ಲ. ಬರೆಯಲಾರದ ತಾಯಂದಿರ ಮಾತನ್ನು ಕೇಳಿ ಬರೆದುಕೊಡುವುದೂ ಒಂದು ದೇಶಸೇವೆಯೇ. ಈಗಿನ ಹುಡುಗರು ಕೈಯಲ್ಲಿನ ಫೋನಿನಲ್ಲಿ ಬೇರೆ ಬೇರೆ ಕತೆಗಳನ್ನು ಬೇರೆ ಬೇರೆಯಾಗಿ ನೋಡತೊಡಗಿದ್ದಾರೆ. ಮನೆಯವರೆಲ್ಲರೂ ಒಟ್ಟಿಗೆ ಕುಳಿತು ಒಂದೇ ಕತೆಯನ್ನು ನೋಡಿ ಜಗಳವಾಡುವ ಕಾಲ ಇನ್ನೆಷ್ಟು ದಿನವಿದ್ದೀತೋ ಹೇಳಬರುವಂತಿಲ್ಲ. ಇರುವಷ್ಟು ದಿನ ಆ ಜಗಳದ ಮಾತು ನಡುಮನೆಯಲ್ಲಿಯೇ ಉಳಿಯದೆ, ಕತೆ ಕಟ್ಟುವವರ ಮೇಜಿನವರೆಗೆ ಹೋಗಲಿ. ಗಾಳಿಯ ಅಲೆಗಳು ಸಾರ್ವಜನಿಕರ ಸ್ವತ್ತೆಂದು ದೇಶದ ಪರಮೋಚ್ಚ ನ್ಯಾಯಾಸ್ಥಾನವು ಹೇಳಿ ಮೂವತ್ತು ವರ್ಷಗಳು ಸಂದಿವೆ. ಸ್ವತ್ತಿನ ಒಡೆಯರು ತಮ್ಮ ಒಡೆತನವನ್ನು ನಡೆಸಲು ಇನ್ನು ತಡಮಾಡಲಾರರೆಂದು ನಾವು ನಂಬಿದ್ದೇವೆ.